ಏಕಾದಶಿಯ ವಿಮಾನ

ಪಾಟ್ನಾದಿಂದ ಗೋವಿಂದನ ಕಾಗದ ಬಂದ ದಿನ ಇಂಡಿ ಊರಿನ ಆ ಮನೆಯಲ್ಲಿ ಯಾರೂ ನೆಮ್ಮದಿಯಿಂದ ಉಣ್ಣಲಿಲ್ಲ. ಹಾಗೆಂದು ಕಾಗದದಲ್ಲಿ ಕೆಟ್ಟ ಸುದ್ದಿಯೇನೂ ಇರಲಿಲ್ಲ. ಅವ್ವ ಎರಡು ವರ್ಷದಿಂದ ಹಂಬಲಿಸುತ್ತಿರುವ ನೇಪಾಳ ಯಾತ್ರೆಗೆ ಫಾಲ್ಗುಣದಲ್ಲಿ ತನಗೆ ರಜೆ ಸಿಗುತ್ತದೆ, ಅವಳನ್ನು ಕರೆದುಕೊಂಡು ಬಾ ಎಂದು ಅಣ್ಣ ಪಂಢರಿನಾಥನಿಗೆ ಬರೆದಿದ್ದ. ಪಾಟ್ನಾದ ತನಕ ರೈಲು. ಅಲ್ಲಿಂದ ಗಡಿ ದಾಟಿ ಕಾಠ್ಮಂಡುವಿಗೆ ಹೋಗಲು ಎರಡು ದಾರಿ. ನಾಲ್ಕು ವರ್ಷದ ಹಿಂದೆ ಆಗಿರುವ ಘಟ್ಟದ ರಸ್ತೆಯಲ್ಲಿ ಮೋಟಾರಿನಲ್ಲಿ ಹೋದರೆ ಹೋಗಲು ಎರಡು ದಿನ, ಬರಲು ಎರಡು ದಿನ. ವಿಮಾನದಲ್ಲಾದರೆ ಒಂದು ತಾಸು. ವಿಮಾನದ ಖರ್ಚು ತನ್ನದೇ ಎಂದೂ ಬರೆದಿದ್ದ. ‘ಯಾವುದೆಂದು ಕೂಡಲೆ ತಿಳಿಸಿರಿ’ ಎಂಬ ಕೊನೆಯ ಸಾಲಿನ ಕೆಳಗೆ ಕೆಂಪು ಮಸಿಯಿಂದ ಗೆರೆ ಎಳೆದಿದ್ದ.

"ವಿಮಾನದ ಮಾತು ತಗೀಬ್ಯಾಡ್ರಿ," ಎಂದ ಪಂಢರಿನಾಥ, ತಟ್ಟೆಯ ಮುಂದೆ ಕೂತವನೇ. ಅವನು ಮಾಮಲೇದಾರ ಕಚೇರಿಯ ಕಾರಕೂನ. ಮಂದಿಯ ಅರ್ಜಿಗಳ ಮೇಲೆ ಷರಾ ಬರೆದು ಬರೆದು ಮನೆಯಲ್ಲೂ ಅದೇ ಧಾಟಿಯಲ್ಲಿ ಮಾತಾಡುತ್ತಿದ್ದ. "ಅದರಾಗಿನ ಕುರ್ಚಿಗೆ ಚರ್ಮ ಹೊಚ್ಚಿರ್ತಾರ. ಚಪ್ಪಲಿ ಹಾಕ್ಕೊಂಡ ಮಂದಿ ಮಗ್ಗಲದಾಗ. ಅವ್ವನ ಮಡಿ ಏನಾಗಬೇಕು?"

"ಮೋಟಾರಿನ್ಯಾಗ ಚಪ್ಪಲಿ ಹೊರಗ ಬಿಟ್ಟು ಹತ್ತತಾರೇನು?" ಎಂದಳು ಅವನ ತಾಯಿ ಭಾಗೀರಥೀಬಾಯಿ. ಅರವತ್ತೆಂಟರ ವಿಧವೆ, ಕಣ್ಣು ಮಂಜಾಗಿದ್ದರೂ ನಾಲಿಗೆ ಮಂಜಾಗಿರಲಿಲ್ಲ.

"ಹಂಗಲ್ಲವ್ವಾ. ಗಂಗೀ ಮ್ಯಾಲೆ ಹಾರಿ ಹೋಗತದ ಅದು. ಗಂಗಾಮಾತೆಯ ಮ್ಯಾಲೆ ಕಾಲು ಇಟ್ಟಂಗ ಆಗೂದಿಲ್ಲೇನು?"

"ಪೂಲಿನ ಮ್ಯಾಲೆ ರೈಲಿನ್ಯಾಗ ಹೋದಾಗ ಎಲ್ಲಿ ಇಟ್ಟಿರ್ತೀ ಕಾಲು? ತಲಿ ಮ್ಯಾಲೇನು?"

ಬಡಿಸುತ್ತಿದ್ದ ಸೊಸೆ ಅಂಬುಬಾಯಿಗೆ ನಗು ಬಂತು. ಹುಳಿಯ ಸೌಟು ಹಿಡಿದುಕೊಂಡು ಒಳಗೆ ಹೋಗಿ ನಕ್ಕಳು. ಆಮೇಲೆ ಒಲೆಯ ಮುಂದೆ ಕೂತು ಆ ಎರಡು ದಾರಿಗಳ ಬಗ್ಗೆ ಯೋಚಿಸತೊಡಗಿದಾಗ ನಗು ನಿಂತುಹೋಯಿತು. ಅತ್ತೆ ಯಾವ ದಾರಿ ಹಿಡಿಯುತ್ತಾಳೆ ಎಂಬುದರ ಮೇಲೆ ತನ್ನ ದಾರಿಯೂ ನಿಂತಿದೆ ಎಂಬುದು ಅವಳಿಗೆ ಆಗಲೇ ತಿಳಿದಿತ್ತು.

ಮುದ್ದೇಬಿಹಾಳದಲ್ಲಿ ಅಂಬುಬಾಯಿಯ ತಾಯಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡು ಎರಡು ತಿಂಗಳಾಗಿತ್ತು. ಮಂಚ ಬಿಟ್ಟು ಏಳುತ್ತಿರಲಿಲ್ಲ. ‘ದಿನಾ ನಿನ್ನ ಹೆಸರೇ ತೆಗೆಯುತ್ತಾಳೆ. ಒಮ್ಮೆ ಬಂದು ನಾಲ್ಕು ದಿನ ಇದ್ದು ಹೋಗು’ ಎಂದು ತಮ್ಮ ಎರಡು ಸಲ ಬರೆದಿದ್ದ. ಅಂಬುಬಾಯಿ ಎರಡೂ ಸಲ ಗಂಡನಿಗೆ ತೋರಿಸಿದ್ದಳು. ಎರಡೂ ಸಲ ಅವನು "ನೋಡೂಣಂತ" ಎಂದಿದ್ದ. ಅವನು ಕಚೇರಿಯಲ್ಲಿ ಯಾರಿಗಾದರೂ ಹಾಗೆ ಹೇಳಿದನೆಂದರೆ ಆ ಕೆಲಸ ಆಗುವುದಿಲ್ಲವೆಂದು ಊರಿಗೆಲ್ಲ ಗೊತ್ತು.

ಅವಳನ್ನು ಕಳಿಸದಿರಲು ಯಾರೂ ದುಷ್ಟರಾಗಬೇಕಿರಲಿಲ್ಲ, ಆ ಅಡಿಗೆಮನೆಯೊಂದೇ ಸಾಕಾಗಿತ್ತು. ಭಾಗೀರಥೀಬಾಯಿ ದಿನಕ್ಕೆ ಒಂದೇ ಊಟ ಮಾಡುತ್ತಿದ್ದಳು, ಅದೂ ಮಡಿಯಲ್ಲಿ ಮಾಡಿದ್ದು, ಅದೂ ಅಂಬುಬಾಯಿಯ ಕೈಯದು. ಬೆಳಿಗ್ಗೆ ಐದಕ್ಕೆ ತಣ್ಣೀರು ಸ್ನಾನ, ಕೋಲಿನಿಂದ ಎತ್ತರದ ಗಳಕ್ಕೆ ಒಣಗಿ ಹಾಕಿದ ಮಡಿಸೀರೆ, ಬಾವಿಯಿಂದ ಏಳು ಕೊಡ ನೀರು, ಹೊಗೆ, ಮಧ್ಯಾಹ್ನದ ತನಕ ಯಾರನ್ನೂ ಮುಟ್ಟದ ಕೆಲಸ. ಹದಿನಾಲ್ಕು ವರ್ಷದಲ್ಲಿ ಅಂಬುಬಾಯಿ ತವರಿನಲ್ಲಿ ಒಂದು ರಾತ್ರಿಗಿಂತ ಹೆಚ್ಚು ಮಲಗಿದ್ದು ತನ್ನ ಬಾಣಂತನದಲ್ಲಿ ಮಾತ್ರ. ಆ ಬಾಣಂತನದ ಮಗಳು ತುಂಗಾಗೆ ಈಗ ಹನ್ನೊಂದು.

ಹೀಗಾಗಿ ಲೆಕ್ಕ ಸರಳವಾಗಿತ್ತು. ರೈಲಿನ ಮೂರು ದಿನ ಅತ್ತೆ ಹಾಲು ಹಣ್ಣಿನ ಮೇಲೆ ಇರಬಲ್ಲಳು. ಪಾಟ್ನಾದಲ್ಲಿ ಗೋವಿಂದನ ಹೆಂಡತಿ ಮಡಿಯಲ್ಲಿ ಅಡಿಗೆ ಮಾಡುತ್ತಾಳೆ. ಆದರೆ ಆರು ತಿಂಗಳ ಕೂಸು ಕಟ್ಟಿಕೊಂಡು ಅವಳು ಘಟ್ಟ ಹತ್ತಲಾರಳು. ಅತ್ತೆ ಮೋಟಾರಿನಲ್ಲಿ ಹೋದರೆ, ಆ ನಾಲ್ಕೈದು ದಿನ ಕಂಡ ಕಂಡ ಧರ್ಮಶಾಲೆಯಲ್ಲಿ ಮೂರು ಕಲ್ಲು ಹೂಡಿ ಅನ್ನ ಬೇಯಿಸಲು ಅಂಬುಬಾಯಿ ಜೊತೆಗೆ ಬೇಕು. ವಿಮಾನದಲ್ಲಿ ಹೋದರೆ ಬೇಡ. ಆಗ ಹನ್ನೆರಡು ದಿನ ಅವಳಿಗೆ ಮುದ್ದೇಬಿಹಾಳ.

ಯಾತ್ರೆಯನ್ನೇ ಬಿಡಿಸುವ ಮಾತಂತೂ ಇರಲಿಲ್ಲ. ಮನೆತನದ ಸಾಲಿಗ್ರಾಮ ಹಿರಿಮಗನ ಮನೆಯಲ್ಲೇ ಉಳಿಯಬೇಕು. ಬೇರೆ ಸಂಸಾರ ಹೂಡಿದ ಗೋವಿಂದನ ಮನೆಯಲ್ಲಿ ಪೂಜೆಗೆ ಸಾಲಿಗ್ರಾಮವಿಲ್ಲ. ಅದನ್ನು ಅಂಗಡಿಯಲ್ಲಿ ಕೊಳ್ಳಬಾರದು, ಅದು ಸಿಗುವ ನೇಪಾಳದ ಗಂಡಕಿ ನದಿಯ ಸೀಮೆಗೇ ಹೋಗಿ ಯಾರಾದರೂ ಪೂಜಾರಿಯ ಕೈಯಿಂದ ಕೊಡಿಸಬೇಕೆಂದು ಭಾಗೀರಥೀಬಾಯಿ ಹಟ ಹಿಡಿದಿದ್ದಳು. ಸಾಯುವ ಮೊದಲು ಮಾಡಬೇಕಾದ ಕೆಲಸಗಳಲ್ಲಿ ಅದೊಂದೇ ಉಳಿದಿದೆ ಎಂದು ವಾರಕ್ಕೆ ಎರಡು ಸಲ ಹೇಳುತ್ತಿದ್ದಳು.

ಮುಂದಿನ ಭಾನುವಾರ ಪಂಢರಿನಾಥ ಫಕೀರಸಾಬನನ್ನು ಕರೆತಂದ. ಫಕೀರಸಾಬ ಇಂಡಿ–ಸಿಂದಗಿ ಬಸ್ಸಿನ ಡ್ರೈವರ್. ಯುದ್ಧಕಾಲದಲ್ಲಿ ಆಸಾಮಿನ ಗುಡ್ಡಗಳಲ್ಲಿ ಫೌಜಿನ ಲಾರಿ ಓಡಿಸಿದವನು. ಗುಡ್ಡದ ರಸ್ತೆ ಎಷ್ಟು ಸುಖ ಎಂದು ಅವ್ವನಿಗೆ ಅವನ ಬಾಯಿಂದಲೇ ಹೇಳಿಸಬೇಕೆಂಬುದು ಪಂಢರಿನಾಥನ ಹಂಚಿಕೆ. ಫಕೀರಸಾಬ ಕಟ್ಟೆಯ ಮೇಲೆ ಕೂತ. ಭಾಗೀರಥೀಬಾಯಿ ಒಳಬಾಗಿಲಿಗೆ ಒರಗಿದಳು. ತುಂಗಾ ಹೊಸ್ತಿಲ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದಳು.

"ಹೇಳಪಾ ಫಕೀರಸಾಬ, ಗುಡ್ಡದ ರಸ್ತಿ ಹೆಂಗಿರ್ತದ? ಅವ್ವಗ ಖರೇ ಹೇಳು," ಎಂದ ಪಂಢರಿನಾಥ.

ಖರೇ ಹೇಳು ಎಂದದ್ದೇ ತಪ್ಪಾಯಿತು.

"ಖರೇನ ಹೇಳ್ತೇನ್ರಿ ಅವ್ವಾರ. ರಸ್ತೆ ಛಲೋನ ಐತಿ. ಒಂದು ಮಗ್ಗಲಕ್ಕ ಗುಡ್ಡ, ಇನ್ನೊಂದು ಮಗ್ಗಲಕ್ಕ ಏನೂ ಇಲ್ಲ."

"ಏನೂ ಇಲ್ಲ ಅಂದ್ರ?"

"ಏನೂ ಇಲ್ಲ ಅಂದ್ರ ಏನೂ ಇಲ್ರಿ. ಕೆಳಗ ನೋಡಿದ್ರ ನದಿ ದಾರದ ಎಳಿಯಂಗ ಕಾಣತೈತಿ. ಅದಕ್ಕ ನೋಡಬಾರದು. ಆದ್ರ ಅಂಜಿಕಿಲ್ರಿ, ಡ್ರಾಯವರ ನಿದ್ದಿ ಮಾಡ್ಲಿಲ್ಲ ಅಂದ್ರ ಏನೂ ಆಗೂದಿಲ್ಲ. ತಿರುವು ಭಾಳ ಅದಾವು. ಅದಕ್ಕ ಮಂದಿ ವಾಂತಿ ಮಾಡ್ತಾರ."

"ಎಷ್ಟು ಮಂದಿ?"

"ಎಲ್ಲಾರೂ, ಅವ್ವಾರ. ಒಬ್ಬರ ಮ್ಯಾಲ ಒಬ್ಬರು."

ಭಾಗೀರಥೀಬಾಯಿ ಸೆರಗನ್ನು ಮೂಗಿಗೆ ಹಿಡಿದುಕೊಂಡಳು. ಪಂಢರಿನಾಥ ಗಡಿಬಿಡಿಯಿಂದ, "ಅದು ಫೌಜಿನ ಲಾರಿ ಮಾತು. ಬಸ್ಸಿನ್ಯಾಗ ಹಂಗ ಇರೂದಿಲ್ಲ ಅಲ್ಲೇನೋ?" ಎಂದ.

"ಬಸ್ಸಿನ್ಯಾಗ ಇನ್ನಾ ಹೆಚ್ಚರಿ ರಾಯರ. ಥಂಡಿಗೆ ಕಿಡಕಿ ಮುಚ್ಚಿರ್ತಾರ," ಎಂದ ಫಕೀರಸಾಬ. ಪಾಪ, ಅವನಿಗೆ ಸುಳ್ಳು ಬರುತ್ತಿರಲಿಲ್ಲ.

ಅವನು ಹೋದ ಮೇಲೆ ಅಂಬುಬಾಯಿ ಎರಡು ದಿನ ಕಾದಳು. ಮೂರನೆಯ ದಿನ ಅತ್ತೆಗೆ ಬಡಿಸಿ, ಮೇಲೆ ಮಜ್ಜಿಗೆ ಹಾಕುವಾಗ ಮೆಲ್ಲಗೆ ಮಾತು ತೆಗೆದಳು.

"ಅತ್ಯಾರ, ವಿಮಾನದಾಗ ಊಟದ್ದೇ ಚಿಂತಿ ಅಲ್ರಿ ನಿಮಗ? ಏಕಾದಶಿ ದಿವಸ ಹಾರಿದ್ರ?"

ಭಾಗೀರಥೀಬಾಯಿಯ ಕೈ ನಿಂತಿತು.

"ಏಕಾದಶಿ ದಿವಸ ನೀವು ಹನಿ ನೀರೂ ಮುಟ್ಟೂದಿಲ್ಲ. ಆವತ್ತ ಹೋಗಿ, ಸ್ನಾನ ಮಾಡಿ, ಅಲ್ಲಿ ಗುಡಿಯಾಗ ನಾರಾಯಣನ ಮುಂದ ಕೂತುಬಿಡ್ರಿ. ಮರುದಿನ ವಾಪಸ್ ಪಾಟ್ನಾಕ್ಕ ಬಂದು ಮಡೀಲೆ ಊಟ. ನಡುವ ಅಡಿಗಿ ಪ್ರಶ್ನೇನ ಬರೂದಿಲ್ಲ."

ಮುದುಕಿ ಬಹಳ ಹೊತ್ತು ಸೊಸೆಯ ಮುಖವನ್ನು ನೋಡಿದಳು. ಮಂಜುಗಣ್ಣಿಗೆ ಏನು ಕಂಡಿತೋ ತಿಳಿಯದು. "ವಕೀಲಕಿ ಕಲಿಬೇಕಾಗಿತ್ತು ನೀ," ಎಂದು ಊಟ ಮುಗಿಸಿದಳು. ಸಂಜೆ ಮಗನಿಗೆ, "ಗೋವಿಂದಗ ಬರಿ. ವಿಮಾನ. ಏಕಾದಶಿಗೆ," ಎಂದಳು.

ಪಂಢರಿನಾಥನ ಮುಖ ಇಷ್ಟಾಯಿತು. ಬರೆಯುತ್ತೇನೆ ಎಂದವನು ನಾಲ್ಕು ದಿನವಾದರೂ ಬರೆಯಲಿಲ್ಲ. ಕಚೇರಿಯಲ್ಲಿ ಕೆಲಸ, ಶಾಯಿ ಮುಗಿದಿದೆ, ತಲೆ ನೋವು. ಐದನೆಯ ದಿನ ಮಧ್ಯಾಹ್ನ ಪಾತ್ರೆ ತೊಳೆದು, ಬಟ್ಟೆ ಒಗೆದು ಮುಗಿಸಿ, ಅಂಬುಬಾಯಿ ತಾನೇ ಬರೆಯಲು ಕೂತಳು. ವಿಮಾನ ಪಾಟ್ನಾದಿಂದ ಮಂಗಳವಾರ ಹೋಗಿ ಬುಧವಾರ ತಿರುಗಿ ಬರುತ್ತದೆ ಎಂದು ಗೋವಿಂದ ಮೊದಲೇ ತಿಳಿಸಿದ್ದ. ಏಕಾದಶಿ ಯಾವ ವಾರ ಎಂದು ನೋಡಬೇಕಿತ್ತು. ಮಠದ ಪಂಚಾಂಗ ದೇವರ ಮನೆಯ ಗೂಡಿನಲ್ಲಿ ಇತ್ತು. ಅದನ್ನು ಮಡಿಯಲ್ಲಲ್ಲದೆ ಮುಟ್ಟುವಂತಿಲ್ಲ, ಅವಳು ಉಂಡು ಮೈಲಿಗೆಯಲ್ಲಿದ್ದಳು. ಮತ್ತೊಮ್ಮೆ ಸ್ನಾನ ಮಾಡುವ ತ್ರಾಣ ಇರಲಿಲ್ಲ. ಪಡಸಾಲೆಯ ಗೋಡೆಗೆ ಸೊಲ್ಲಾಪುರದ ಅರಿವೆ ಅಂಗಡಿಯವರು ಕೊಟ್ಟ ಮರಾಠಿ ಕ್ಯಾಲೆಂಡರ್ ತೂಗುಹಾಕಿತ್ತು. ಮಂಗಳವಾರದ ಮನೆಯಲ್ಲಿ ‘ಏಕಾದಶಿ’ ಎಂದಿತ್ತು. ಅವಳ ಎದೆ ಹಗುರಾಯಿತು. ಅದನ್ನೇ ಬರೆದು, ತುಂಗಾಳ ಕೈಯಲ್ಲಿ ಕೊಟ್ಟು ಟಪಾಲು ಪೆಟ್ಟಿಗೆಗೆ ಹಾಕಿಸಿದಳು. ಇನ್ನೊಂದು ಕಾಗದ ಮುದ್ದೇಬಿಹಾಳಕ್ಕೆ ಬರೆದಳು: ‘ಬರುತ್ತೇನೆ. ಹನ್ನೆರಡು ದಿನ ಇರುತ್ತೇನೆ.’

ಹದಿನೈದು ದಿನಕ್ಕೆ ತಿಕೀಟು ಆಗಿದೆಯೆಂದು ಗೋವಿಂದನ ಉತ್ತರ ಬಂತು. ಮನೆಯಲ್ಲಿ ತಯಾರಿ ನಡೆಯಿತು. ಹಾಲಿನಲ್ಲಿ ಕಲಸಿದ ಉಂಡಿಗಳಾದವು. ಅತ್ತೆಯ ತಂಬಿಗೆ, ಚಾಪೆ, ಮಡಿಯ ಗಂಟು ಬೇರೆ ಬೇರೆ ಕಟ್ಟಿದ್ದಾಯಿತು. ಅಂಬುಬಾಯಿ ತನ್ನ ಎರಡು ಸೀರೆಗಳನ್ನು ಮಡಿಸಿ ತುಂಗಾಳ ಲಂಗಗಳ ಕೆಳಗೆ ಇಟ್ಟಳು. ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಪಂಢರಿನಾಥ ಮಾತ್ರ ದಿನದಿನಕ್ಕೆ ಸಣ್ಣಗಾಗುತ್ತಿದ್ದ.

ಹೊರಡಲು ಎಂಟು ದಿನ ಇರುವಾಗ, ಒಂದು ಬೆಳಿಗ್ಗೆ ಸ್ನಾನ ಮಾಡಿ ಬಂದ ತುಂಗಾಗೆ ಅಜ್ಜಿ ಪಂಚಾಂಗ ಕೊಟ್ಟು ಓದಲು ಹೇಳಿದಳು.

"ಮಂಗಳವಾರ, ದಶಮಿ," ಎಂದು ಓದಿದಳು ತುಂಗಾ. "ಬುಧವಾರ, ಏಕಾದಶಿ, ಉಪವಾಸ. ಗುರುವಾರ, ದ್ವಾದಶಿ."

"ಸರಿಯಾಗಿ ಓದು."

"ಸರಿಯಾಗೇ ಓದೇನಿ ಅಜ್ಜಿ. ಮಂಗಳವಾರ ದಶಮಿ ಅಂತನ ಅದ."

ಅಡಿಗೆಮನೆಯಲ್ಲಿ ಅಂಬುಬಾಯಿಯ ಕೈಯಿಂದ ಬೋಗುಣಿ ಜಾರಿತು. ಅವಳಿಗೆ ಕೂಡಲೇ ತಿಳಿಯಿತು. ಕೆಲವು ತಿಂಗಳು ಮಂದಿಯ ಏಕಾದಶಿ ಒಂದು ದಿನ, ಮಠದವರ ಏಕಾದಶಿ ಮರುದಿನ. ಹದಿನಾಲ್ಕು ವರ್ಷ ಈ ಮನೆಯ ಉಪವಾಸಗಳನ್ನು ನಡೆಸಿದ ತಾನು ಅದನ್ನು ಮರೆತು ಅರಿವೆ ಅಂಗಡಿಯವರನ್ನು ನಂಬಿದ್ದಳು.

"ಯಾರು ಬರದವರು ತಾರೀಖು?" ಎಂದು ಭಾಗೀರಥೀಬಾಯಿ ಕೂಗಿದಳು.

"ನಾನರಿ ಅತ್ಯಾರ. ಕ್ಯಾಲೆಂಡರ್ ನೋಡಿ ಬರದೆ."

"ಅರಿವಿ ಮಾರಾವರು ನನ್ನ ಉಪವಾಸ ಹೇಳಬೇಕೇನು? ನಾಳೆ ಶ್ರಾದ್ಧದ ತಿಥಿನೂ ಅವರನ್ನ ಕೇಳಿಬಿಡು! ಹದಿನಾಲ್ಕು ವರ್ಷ ಏನು ಕಲ್ತಿ ಈ ಮನ್ಯಾಗ?"

ಪಂಢರಿನಾಥ ಜನಿವಾರ ಸರಿಮಾಡಿಕೊಳ್ಳುತ್ತ ಹೊರಗಿನಿಂದ ಬಂದ. ಸಂಗತಿ ಕೇಳಿ ಅವನ ಮುಖಕ್ಕೆ ಒಂದು ತಿಂಗಳ ನಂತರ ಕಳೆ ಬಂತು.

"ನೋಡವ್ವಾ, ಸೋಮವಾರ ಮಧ್ಯಾಹ್ನ ಪಾಟ್ನಾದಾಗ ಉಂಡರ, ಮಂಗಳವಾರ ಕಾಠ್ಮಂಡುದಾಗ ಮಾಡಿಹಾಕೂವರಿಲ್ಲ, ದಶಮಿ ಊಟ ಇಲ್ಲ, ಬುಧವಾರ ನಿರ್ಜಲ. ಮತ್ತ ಗುರುವಾರ ಬೆಳಿಗ್ಗೆನ ಅನ್ನ. ಈ ವಯಸ್ಸಿನ್ಯಾಗ ಜೀವಾ ನಿಲ್ತದೇನು? ತಿಕೀಟು ರದ್ದು ಮಾಡಂತ ತಾರು ಕೊಡ್ತೇನಿ. ರಸ್ತೆ ಮ್ಯಾಲೆ ಹೋಗೂಣು. ಅಂಬೂನ ಕರಕೊಂಡು ಹೋಗೂಣು. ದಶಮಿಗೂ ಅಡಿಗಿ, ದ್ವಾದಶಿಗೂ ಅಡಿಗಿ."

"ನಾ ಮುದ್ದೇಬಿಹಾಳಕ್ಕ ಹೋಗಬೇಕು," ಎಂದಳು ಅಂಬುಬಾಯಿ.

ಆ ಮನೆಯಲ್ಲಿ ಅವಳು ‘ಹೋಗಬೇಕು’ ಎಂದದ್ದು ಅದೇ ಮೊದಲು. ಗಂಡ ತಿರುಗಿ ನೋಡಿದ.

"ಏನಂದಿ?"

"ನಮ್ಮವ್ವ ಮೂರು ತಿಂಗಳಿಂದ ಮಲಗ್ಯಾಳ. ಎರಡು ಕಾಗದ ತೋರಿಸೇನಿ ನಿಮಗ. ತಪ್ಪು ನನ್ನದು ಖರೇ. ಬೇಕಾದಷ್ಟು ಬೈರಿ. ಆದ್ರ ನಾ ಘಟ್ಟಕ್ಕ ಬರೂದಿಲ್ಲ."

"ಅವ್ವನ ಉಪವಾಸ ಕೆಡವಿ, ಮ್ಯಾಲೆ ತವರಿನ ಮಾತು? ನಾಚಿಕಿ ಆಗೂದಿಲ್ಲ? ಅವ್ವ ಅಲ್ಲಿ ಹಸದು ಬಿದ್ದರ ಯಾರು ಹೊಣಿ?"

ಅತ್ತೆ ಹಸಿದು ಬಿದ್ದರೆ ಹೊಣೆ ತಾನೇ ಎಂದು ಅವಳಿಗೂ ಅನಿಸುತ್ತಿತ್ತು. ತನ್ನ ಅವ್ವ ಸತ್ತುಹೋದರೆ ಯಾರು ಹೊಣೆ ಎಂದು ಕೇಳಬೇಕೆನಿಸಿತು. ಜಾರಿದ ಬೋಗುಣಿ ಎತ್ತಿಕೊಂಡು ನಿಂತೇ ಇದ್ದಳು. ದಣಿವು ಎಂದರೆ ಅಂಥ ದಣಿವು, ಅಳುವುದೂ ಒಂದು ಕೆಲಸ ಅನಿಸುವಂಥದು.

"ಪಂಢರಿ," ಎಂದಳು ಭಾಗೀರಥೀಬಾಯಿ. "ಧೂಳಖೇಡದಾಗ ಭೀಮಾ ನದಿ ದಾಟೂಮುಂದ ನಾವಿನ್ಯಾಗ ಕಣ್ಣು ಮುಚ್ಚಿಕೊಂಡು ನನ್ನ ಸೆರಗ ಹಿಡ್ಕೊಂಡಿದ್ದಿ. ಎಷ್ಟು ವಯಸ್ಸಾಗಿತ್ತು ಆವಾಗ ನಿನಗ?"

"ಆ ಮಾತು ಯಾಕ ಈಗ?"

"ಮೂವತ್ತೆರಡು. ನಿನಗ ಹಾರಲಿಕ್ಕೆ ಅಂಜಿಕಿ ಅದ. ಅದಕ್ಕ ನನ್ನ ಮಡಿ ಅಡ್ಡ ಹಿಡದಿ. ಚರ್ಮ ಅಂದಿ, ಗಂಗೀ ಅಂದಿ, ಆ ಸಾಬಣ್ಣನ್ನ ಕರಕೊಂಡು ಬಂದಿ. ನೀ ಪಾಟ್ನಾದಾಗ ಕೂಸಿನ್ನ ಆಡಸ್ಕೋತ ಕೂಡ್ರು. ಗೋವಿಂದ ನನ್ನ ಕರಕೊಂಡು ಹೋಗ್ತಾನ."

"ಮೂರು ದಿನಾ ಹಸದಿರ್ತೀಯೇನು?"

"ದಶಮಿಗೆ ಎರಡು ಬಾಳಿಹಣ್ಣು ತಿಂತೇನಿ. ಹಸಿವಿ ನನ್ನದು, ನಿನಗೇನು?"

ಆಮೇಲೆ ಗೋಡೆಗೆ ಹೇಳುವಂತೆ, ಯಾರನ್ನೂ ನೋಡದೆ ಮಾತಾಡಿದಳು. "ನಮ್ಮವ್ವ ಹೋದಾಗ ನಾ ಇದೇ ಒಲಿ ಮುಂದ ಇದ್ದೆ. ನನ್ನ ತವರೂರು ಮಸೂತಿ ಇಲ್ಲಿಂದ ಎಷ್ಟು ದೂರ? ಗಾಡೀಲೆ ಎರಡು ದಿನದ ಹಾದಿ. ‘ನೋಡೂಣಂತ’ ಅಂದಿದ್ರು ನಿಮ್ಮಪ್ಪ." ಸೊಸೆಯ ಕಡೆ ತಿರುಗಿದಾಗ ದನಿ ಮತ್ತೆ ಗಡುಸಾಯಿತು. "ನೀ ಹೋಗು. ಹನ್ನೆರಡು ದಿನ. ಹದಿಮೂರನೇ ದಿವಸ ನಾ ಬರೂದರಾಗ ಒಲಿ ಸಾರಿಸಿರಬೇಕು. ಆ ಕ್ಯಾಲೆಂಡರ್ ಮೊದಲು ಕೆಳಗ ಇಳಿಸು."

ತುಂಗಾ ಓಡಿಹೋಗಿ ಇಳಿಸಿದಳು.

ಸೋಮವಾರಕ್ಕೆ ಪಾಟ್ನಾ ಮುಟ್ಟುವ ಹಾಗೆ ಪಂಢರಿನಾಥ ತಾಯಿಯನ್ನು ಕರೆದುಕೊಂಡು ಇಂಡಿ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿದ. ಅಂಜಿಕೆ ಬಯಲಾಗಿದ್ದರಿಂದ ಅವನು ಹೊಸದಾಗಿ ಹಗುರಾಗಿದ್ದ, ತಾಯಿಗೆ ಕಿಟಕಿಯ ಪಕ್ಕದ ಜಾಗ ಹಿಡಿಯಲು ಯಾರ ಜೊತೆಗೋ ಜಗಳವನ್ನೂ ಆಡಿದ. ಅಂಬುಬಾಯಿ ಕಾಲು ಮುಟ್ಟಿ ನಮಸ್ಕರಿಸಲು ಬಗ್ಗಿದಾಗ ಅತ್ತೆ, "ದೂರ, ದೂರ, ಮಡೀಲೆ ಇದ್ದೇನಿ," ಎಂದು ಕಾಲು ಹಿಂದೆಗೆದುಕೊಂಡಳು.

ಮರುದಿನ ತಾಯಿ ಮಗಳು ಬಿಜಾಪುರಕ್ಕೆ ಬಂದು ಅಲ್ಲಿ ಬಸ್ಸು ಬದಲಿಸಿದರು. ಬಸವನ ಬಾಗೇವಾಡಿ ದಾಟುವ ತನಕ ತುಂಗಾ, "ಅಜ್ಜಿ ಈಗ ಎಲ್ಲಿರಬಹುದು? ವಿಮಾನ ಬಿದ್ರ?" ಎಂದು ತಲೆ ತಿಂದಳು. ಎರಡೂ ಕಡೆ ಹೊಲಗಳಲ್ಲಿ ಜೋಳದ ಸುಗ್ಗಿ ನಡೆದಿತ್ತು. ಅಂಬುಬಾಯಿ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡಿದಳು. ಹಗಲು ನಿದ್ದೆ ಮಾಡಿ ಎಷ್ಟು ವರ್ಷವಾಗಿತ್ತೋ, ಮುದ್ದೇಬಿಹಾಳ ಬಂದಾಗ ಕಂಡಕ್ಟರನೇ ಎಬ್ಬಿಸಬೇಕಾಯಿತು.

ಅವ್ವ ನಡುಮನೆಯ ಮಂಚದ ಮೇಲೆ ಇದ್ದಳು. ಅರ್ಧದಷ್ಟಾಗಿದ್ದಳು. ಮಗಳ ಕೈ ಹಿಡಿದುಕೊಂಡು ಮೊದಲು ಕೇಳಿದ್ದು, "ನಿಮ್ಮ ಅತ್ತಿ ಊಟಾ ಯಾರು ನೋಡ್ತಾರ?"

"ಅವರು ವಿಮಾನದಾಗ ಹೋಗ್ಲಿಕ್ಕತ್ತಾರವ್ವಾ."

"ವಿಮಾನ?" ಎಂದು ಮುದುಕಿ ಬಾಯಿ ತೆರೆದಳು. "ಅಂತೂ ನಿನ್ನ ಬಿಟ್ಟರಲ್ಲ. ಇಲ್ಲೇ ಕೂಡ್ರು. ಏಳಬ್ಯಾಡ. ನಿನ್ನ ಮುಖಾ ನೋಡೂದದ ನನಗ."

ಅಂಬುಬಾಯಿ ಕೂತಳು. ತಾಯಿಯ ತಲೆಗೂದಲು ಬಿಡಿಸತೊಡಗಿದಳು. ಅರ್ಧ ತಾಸು ಆಗಿರಬಹುದು. ಹಿತ್ತಲ ಬಾಗಿಲಿನಿಂದ ತಮ್ಮನ ಹೆಂಡತಿ ಗೋದಾ ಸನ್ನೆ ಮಾಡಿ ಕರೆದಳು. ಎದ್ದು ಹೋದಳು. ಗೋದಾಳ ಕೈಗಳು ಸುಣ್ಣ ತಿಂದಂತೆ ಬಿರಿದಿದ್ದವು. ಕಣ್ಣ ಸುತ್ತ ಕಪ್ಪು. ಅಡಿಗೆಮನೆಯ ಮೂಲೆಯಲ್ಲಿ ಒಂದು ಟ್ರಂಕು, ಅದರ ಮೇಲೆ ಗಂಟು ಕಟ್ಟಿಟ್ಟಿತ್ತು.

"ಅಕ್ಕಾರ, ಸಿಟ್ಟ ಆಗಬ್ಯಾಡ್ರಿ," ಎಂದಳು ಗೋದಾ. "ನೀವು ಬರ್ತೀರಿ ಅಂತ ಕಾಗದ ಬಂದ ದಿವಸನ ಕಟ್ಟಿ ಇಟ್ಟೇನಿ. ತವರಿಗೆ ಹೋಗಿ ಮೂರು ವರ್ಷ ಆತು. ಎತ್ತೂದು, ಒರಸೂದು, ಮಡಿ ಅಡಿಗಿ... ನನ್ನ ಕೈಲೆ ಆಗವಲ್ತು ಅಕ್ಕಾರ. ಸಂಜಿ ಬಸ್ಸಿಗೆ ಹೋದ್ರ ಕತ್ತಲಾಗೂದರಾಗ ತಾಳಿಕೋಟಿ ಮುಟ್ತೇನಿ."

ಅಂಬುಬಾಯಿಗೆ ಸಿಟ್ಟು ಬಂತು. ತಾನು ಬಂದಿದ್ದು ತಾಯಿಯ ಪಕ್ಕ ಕೂಡಲು, ಇನ್ನೊಂದು ಒಲೆ ಊದಲು ಅಲ್ಲ. ಹದಿನಾಲ್ಕು ವರ್ಷಕ್ಕೆ ಸಿಕ್ಕಿದ್ದು ಹನ್ನೆರಡು ದಿನ, ಅದಕ್ಕೂ ಕೈ ಚಾಚಿದಳಲ್ಲ ಇವಳು ಎಂದು ಹೊಟ್ಟೆ ಉರಿಯಿತು. ‘ನೋಡೂಣಂತ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದು ಬಂದದ್ದು ಗೊತ್ತಾಗಿ ಅವಳಿಗೆ ಹೇಸಿಕೆಯಾಯಿತು, ನುಂಗಿಕೊಂಡಳು.

"ಎಷ್ಟು ದಿನ ಇರ್ತೀ?"

"ನಾಲ್ಕು ದಿನಾ ಸಾಕ್ರಿ."

"ನಾಲ್ಕು ದಿನಕ್ಕ ದಣಿವು ಹೋಗೂದಿಲ್ಲ. ಎಂಟು ದಿನ ಇದ್ದು ಬಾ. ಮಡಿಸೀರಿ ಎಲ್ಲಿ ಒಣಗಿ ಹಾಕೀ, ತೋರಿಸಿ ಹೋಗು."

ಗೋದಾ ಗಳದ ಕಡೆ ಕೈ ತೋರಿಸಿ, ಅತ್ತುಕೊಂಡೇ ಟ್ರಂಕು ಎತ್ತಿದಳು. ಅಂಬುಬಾಯಿ ಬಾವಿಗೆ ಹೋಗಿ ಎರಡು ಕೊಡ ನೀರು ಮೈಮೇಲೆ ಸುರಿದುಕೊಂಡು, ಕೋಲಿನಿಂದ ಸೀರೆ ತೆಗೆದು ಉಟ್ಟಳು.

"ಅಂಬೂ, ಎಲ್ಲಿ ಹೋದೀ? ಬಂದು ಕೂಡ್ರ ಬಾ ಇಲ್ಲೆ," ಎಂದು ಮಂಚದಿಂದ ಕೂಗು ಬಂತು.

"ಬಂದೆ ಅವ್ವಾ," ಎಂದಳು ಅಂಬುಬಾಯಿ. "ಒಲಿ ಹೊತ್ತಿಸಿ ಬರ್ತೇನಿ."